ಕಡಿ ಅಂದರೆ ಚಿಲಕ

ಮಕ್ಕಳು ತಾವೇ ಮಾಡಿದ ಪುಟ್ಟ ಪತ್ರಿಕೆಯ ಹೆಸರು ನೋಡಿದ ಕೂಡಲೇ ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು.

‘ಕಡಿ’ ಅಂತ ಬರೆದಿದ್ದರು. ದಪ್ಪ ಸ್ಕೆಚ್ ಪೆನ್ನಿನಲ್ಲಿ ಎರಡೇ ಅಕ್ಷರ. ಕೆಳಗೆ ಒಂದು ಬಾಗಿಲಿನ ಚಿತ್ರ. ಚಿಲಕ ಇರಬೇಕಾದ ಜಾಗದಲ್ಲಿ ಎರಡು ಮೊಳೆಯ ತೂತು.

“ಕಡಿ ಅಲ್ಲಮ್ಮ, ಚಿಲಕ” ಅಂದೆ. “ಕಡಿ ಅನ್ನೋದು ಮರಾಠಿ.”

ಆ ಹುಡುಗಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. “ಗೊತ್ತದ ರೀ ಆಂಟಿ. ಮರಾಠ್ಯಾಗ ಕಡಿ ಅಂದ್ರ ಚಿಲಕ. ನಮ್ಮದ್ರಾಗ ಕಡಿ ಅಂದ್ರ ಕಡಿ.” ಹೇಳಿ ಹಲ್ಲು ಕಡಿದು ತೋರಿಸಿದಳು. ಸುತ್ತ ಕೂತವರೆಲ್ಲ ಕಿಸಕ್ಕನೆ ನಕ್ಕರು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತಾ ಬಂದವಳು ನಾನು. ಎಂಟನೇ ಕ್ಲಾಸಿನ ಹುಡುಗಿ ನನಗೆ ಶ್ಲೇಷೆ ಹೇಳಿಕೊಟ್ಟಳು.

ಇದು ನಡೆದಿದ್ದು ಮುಂಬೈಯ ವಡಾಲದ ಕಡೆ, ಒಂದು ಸಂಘದ ಮಹಡಿಯ ಮೇಲಿನ ಕೋಣೆಯಲ್ಲಿ. ಶನಿವಾರ ಮಧ್ಯಾಹ್ನ ಅಲ್ಲಿ ಕೆಲವು ಮಕ್ಕಳಿಗೆ ಕನ್ನಡ ಓದಿಸಲು ಹೋಗುತ್ತೇನೆ. ಓದಿಸುವುದು ಅಂದರೆ ಏನಿಲ್ಲ, ಕಥೆ ಪುಸ್ತಕ ಹಂಚುವುದು, ಬಿಸ್ಕತ್ತು ಹಂಚುವುದು. ಬರುವವರಲ್ಲಿ ಹುಡುಗಿಯರೇ ಜಾಸ್ತಿ. ಹುಡುಗರು ಆ ಹೊತ್ತಿಗೆ ಮೈದಾನದಲ್ಲಿರುತ್ತಾರೆ. ಇವರ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮುಂಬೈಯಲ್ಲಿ ಕನ್ನಡ ಅಂದ ಕೂಡಲೇ ಉಡುಪಿ ಹೋಟೆಲು, ಯಕ್ಷಗಾನ, ಸಾಹಿತ್ಯ ಸಂಘ ಅಂತ ನೆನಪಿಸಿಕೊಳ್ಳುತ್ತೇವೆ. ಸಿಮೆಂಟ್ ಹೊರುವ ಕನ್ನಡ ನಮ್ಮ ಲೆಕ್ಕಕ್ಕೆ ಬರುವುದು ಸ್ವಲ್ಪ ತಡವಾಗಿ. ಈ ಊರಿನ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಖಾಸಗಿ ಕನ್ನಡ ಶಾಲೆಗಳೂ ಇವೆ. ಈ ಮಕ್ಕಳದು ಯಾವ ಶಾಲೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಚಿಲಕದ ಮಾತು ಹೋಗಿ ಮರ್ಯಾದೆಯ ಮಾತು ಶುರುವಾಗುತ್ತದೆ.

ಇಂಥ ಪತ್ರಿಕೆಗೆ ಝೀನ್ ಅನ್ನೋ ಪದ ಅವರಿಗೆ ಹೇಳಿದ್ದು ನಾನೇ. ಮ್ಯಾಗಜೀನ್ ಪದದ ಬಾಲ ಅದು. ತಾವೇ ಬರೆದು, ತಾವೇ ಜೆರಾಕ್ಸ್ ಮಾಡಿ, ತಾವೇ ಹಂಚುವ ಪುಟ್ಟ ಪತ್ರಿಕೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಹುಚ್ಚಿನವರು ಇಂಥವನ್ನು ಮಾಡಿದರು. 1990ರ ದಶಕದಲ್ಲಿ ಅಲ್ಲಿನ ಹುಡುಗಿಯರು ಇದನ್ನೇ ಹಿಡಿದು ತಮ್ಮ ಸಿಟ್ಟು ಹಂಚಿದರು. ಇಲ್ಲಿ ಮುಂಬೈಯಲ್ಲೂ ಬಾಂಬೆ ಝೀನ್ ಫೆಸ್ಟ್ ಅಂತ ಮೇಳವೇ ನಡೆದಿದೆ. ಬಾಂದ್ರಾದಲ್ಲಿ ಸಿಸ್ಟರ್ ಲೈಬ್ರರಿ ಅಂತ ಹೆಂಗಸರ ಬರವಣಿಗೆಗಾಗಿಯೇ ಪುಟ್ಟ ಗ್ರಂಥಾಲಯ ಶುರುವಾಗಿತ್ತು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ಮಕ್ಕಳು ಆಕಳಿಸುತ್ತಿದ್ದರು. ಅವರ ಕಣ್ಣು ಅರಳಿದ್ದು ಕಾಗದ ಮಡಚಿ ತೋರಿಸಿದಾಗ.

ಒಂದು ಎ4 ಹಾಳೆ. ಮೂರು ಸಲ ಮಡಚಿದರೆ ಎಂಟು ಮನೆ ಆಗುತ್ತದೆ. ಬಿಚ್ಚಿ, ನಡುವಿನ ಎರಡು ಮನೆಯ ಉದ್ದಕ್ಕೆ ಕತ್ತರಿ ಹಾಕಬೇಕು. ಉದ್ದಕ್ಕೆ ಮಡಚಿ ಎರಡೂ ತುದಿ ಹಿಡಿದು ಒಳಗೆ ತಳ್ಳಿದರೆ ನಡುವೆ ಬಾಯಿ ತೆರೆಯುತ್ತದೆ. ಮಡಿಸಿಕೊಂಡರೆ ಪುಸ್ತಕ. ಎಂಟು ಪುಟ, ಹೊಲಿಗೆ ಇಲ್ಲ, ಪಿನ್ನು ಇಲ್ಲ. ಎಲ್ಲವೂ ಹಾಳೆಯ ಒಂದೇ ಮಗ್ಗುಲಲ್ಲಿ ಇರುವುದರಿಂದ ಜೆರಾಕ್ಸ್ ಖರ್ಚೂ ಒಂದೇ ಮಗ್ಗುಲಿನದು. ನಾಲ್ಕು ಪುಟ ಮಾತ್ರ ತಲೆಕೆಳಗಾಗಿ ಬರೆಯಬೇಕು. ಮೊದಲ ಪ್ರಯತ್ನದಲ್ಲಿ ಮೂರನೇ ಪುಟ ಉಲ್ಟಾ ಬಂತು. ಹಾಗೇ ಹಂಚಿದರು.

ಜೆರಾಕ್ಸ್ ಅಂಗಡಿಯವನದು ಒಂದೇ ಕಂಪ್ಲೇಂಟು. “ಕಾಲಾ ಕಮ್ಮಿ ಹಾಕಿ. ಟೋನರ್ ಖಾಲಿ ಆಗುತ್ತೆ.” ಅವತ್ತಿನಿಂದ ಇವರ ಚಿತ್ರಗಳೆಲ್ಲ ಬರೀ ಗೆರೆಯಲ್ಲಿ. ಚೆನ್ನಾಗಿಯೂ ಕಾಣುತ್ತವೆ. ನಮ್ಮ ದೊಡ್ಡ ಪತ್ರಿಕೆಯ ಕಲಾವಿಭಾಗಗಳು ಒಮ್ಮೆ ಆ ಅಂಗಡಿಗೆ ಹೋಗಿ ಬಂದರೆ ಒಳ್ಳೆಯದು.

ಒಳಗೆ ಏನಿತ್ತು? ಮೊದಲ ಪುಟದಲ್ಲಿ ಶೌಚಾಲಯದ ಚಿಲಕ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹಿಡಿಯಲು ಗೆಳತಿ ಇಲ್ಲದ ದಿನ ನೀರೇ ಕುಡಿಯುವುದಿಲ್ಲ. ಇಷ್ಟನ್ನೇ ಬರೆದಿದ್ದರು. ‘ಸಮಸ್ಯೆ’ ಅನ್ನೋ ಪದ ಎಲ್ಲೂ ಇರಲಿಲ್ಲ.

ಇನ್ನೊಂದು ಪುಟದಲ್ಲಿ ಬರೀ ಅಂಕಿಗಳು. 1ರಿಂದ 23ರವರೆಗೆ ಚೌಕದೊಳಗೆ, 24ರಿಂದ 40ರವರೆಗೆ ದುಂಡಗೆ. ನನಗೆ ಅರ್ಥವಾಗಲಿಲ್ಲ. ಹಾಜರಿ ಪುಸ್ತಕ ಅಂತ ಆಮೇಲೆ ಹೇಳಿದರು. ಮೊದಲು ಹುಡುಗರ ಹೆಸರು, ಅವರು ಮುಗಿದ ಮೇಲೆ ಹುಡುಗಿಯರು. ಒಂದನೇ ನಂಬರಿನ ಹುಡುಗಿ ಅಂತ ಆ ಕ್ಲಾಸಿನಲ್ಲಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ. ನಾನೂ ಹಾಗೇ ಹತ್ತು ವರ್ಷ ‘ಯೆಸ್ ಟೀಚರ್’ ಅಂದವಳು. ಎಷ್ಟು ಕಣ್ಣೆದುರಿಗಿದ್ದರೂ ಕಾಣಿಸಲೇ ಇಲ್ಲ ನೋಡಿ.

ಕಪ್ಪು ಪ್ಲಾಸ್ಟಿಕ್ ಚೀಲದ ಪುಟ ನನಗೆ ತುಂಬಾ ಇಷ್ಟ. ಮೆಡಿಕಲ್ ಅಂಗಡಿಯಲ್ಲಿ ಪ್ಯಾಡ್ ಕೇಳಿದರೆ ಮೊದಲು ಪೇಪರಿನಲ್ಲಿ ಸುತ್ತುತ್ತಾರೆ, ಆಮೇಲೆ ಕಪ್ಪು ಚೀಲ. ಚೀಲಕ್ಕೆ ಎರಡು ಕಣ್ಣು ಬಿಡಿಸಿ ಕೆಳಗೆ ಬರೆದಿದ್ದರು: “ನಾ ಬಾಂಬ್ ಅಲ್ರೀ.”

ಈ ಪುಟ ಇಟ್ಟುಕೊಳ್ಳುವುದೋ ಬೇಡವೋ ಅಂತ ಅವರಲ್ಲೇ ಜಗಳವಾಯಿತು. ನನ್ನ ಕಡೆ ತಿರುಗಿ ಕೇಳಿದರು. ನಾನು ಏನೂ ಹೇಳಲಿಲ್ಲ. ಅದು ಸಂಯಮ ಅಲ್ಲ, ಹೆದರಿಕೆ. ಯಾಕೆ ಹೆದರಿದೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮಪ್ಪ ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವರು. ಸಂಜೆ ಕೈ ತೊಳೆದು ರಾತ್ರಿ ಶಾಲೆಗೆ ಓಡುತ್ತಿದ್ದರಂತೆ. ಮುಂಬೈ ಕನ್ನಡಿಗರ ದೊಡ್ಡ ಹೆಮ್ಮೆಯೇ ಆ ರಾತ್ರಿ ಶಾಲೆಗಳು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಓದಿ ಕ್ಲರ್ಕ್ ಆದರು, ವಕೀಲರಾದರು, ಹೋಟೆಲಿನ ಮಾಲೀಕರೂ ಆದರು. ಅಪ್ಪನ ಶಾಲೆಯಲ್ಲಿ ಕೈಬರಹದ ಪತ್ರಿಕೆಯೂ ಇತ್ತು. ಅದರಲ್ಲಿ ತಮ್ಮದೊಂದು ಪದ್ಯ ಬಂದಿತ್ತು ಅಂತ ಸಾಯುವವರೆಗೂ ಹೇಳುತ್ತಿದ್ದರು. ಆ ಪತ್ರಿಕೆಯಲ್ಲಿ ಹುಡುಗಿಯರು ಯಾರಾದರೂ ಬರೆದಿದ್ದರಾ ಅಂತ ಒಮ್ಮೆ ಕೇಳಿದೆ. ಅಪ್ಪ ನಕ್ಕರು. “ರಾತ್ರಿ ಹೊತ್ತು ಹೆಣ್ಣುಮಕ್ಕಳನ್ನ ಯಾರು ಕಳಿಸ್ತಾರೆ?” ತಪ್ಪು ಅಪ್ಪನದಲ್ಲ ಬಿಡಿ. ಆದರೆ ಆ ಹೆಮ್ಮೆಯ ಕಥೆಯಲ್ಲಿ ಅರ್ಧ ಜನ ಯಾಕಿಲ್ಲ ಅಂತ ನಮ್ಮ ಸಂಘದ ಸ್ಮರಣ ಸಂಚಿಕೆಗಳು ಕೇಳಿಕೊಂಡಿದ್ದನ್ನು ನಾನು ನೋಡಿಲ್ಲ. ಕರಡು ತಿದ್ದಿದ್ದು ನಾನೇ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಹಗಲು ಶಾಲೆಯ ಹುಡುಗಿ. 1984, ಏಳನೇ ಕ್ಲಾಸು. ನಮ್ಮಲ್ಲೂ ಕೈಬರಹದ ಪತ್ರಿಕೆ. ವರ್ಷಕ್ಕೆ ಒಂದು, ಇಡೀ ಶಾಲೆಗೆ ಒಂದೇ ಪ್ರತಿ. ರೆಕ್ಸಿನ್ ರಟ್ಟು, ಪ್ರತಿ ಪುಟಕ್ಕೂ ಹೂಬಳ್ಳಿಯ ಅಂಚು. ಅಕ್ಷರ ಚೆನ್ನಾಗಿದ್ದವರು ಎಲ್ಲರ ಬರಹವನ್ನೂ ನಕಲು ಮಾಡಬೇಕು. ನನ್ನ ಅಕ್ಷರ ದುಂಡಗಿತ್ತು.

ಆ ವರ್ಷ ನಾನೂ ಒಂದು ಬರೆದುಕೊಟ್ಟೆ. ಹೆಸರು ‘ಪೊರಕೆ’. ಕ್ಲಾಸು ಗುಡಿಸುವ ಪಾಳಿ ನಮ್ಮಲ್ಲಿ ಹುಡುಗಿಯರಿಗೆ ಮಾತ್ರ. ಹುಡುಗರಿಗೆ ಬೆಂಚು ಎಳೆಯುವುದು, ಗಂಟೆ ಹೊಡೆಯುವುದು. ನನ್ನ ಬರಹದಲ್ಲಿ ಒಂದು ಸಾಲು ಹೀಗಿತ್ತು: “ಹುಡುಗರು ಬೆಂಚಿನ ಮೇಲೆ ಕೂತು ಕಾಲು ಎತ್ತುತ್ತಾರೆ, ನಾವು ಅವರ ಕಾಲ ಕೆಳಗೆ ಗುಡಿಸುತ್ತೇವೆ.” ಮೇಷ್ಟ್ರು ಓದಿದರು. ಭೇಷ್ ಅಂದರು. ಎರಡು ದಿನ ಬಿಟ್ಟು ತಿದ್ದಿದ ಹಾಳೆ ಕೈಗೆ ಬಂತು. ಹೆಸರು ‘ಸ್ವಚ್ಛತೆಯ ಮಹತ್ವ’ ಆಗಿತ್ತು. ಆ ಸಾಲಿನ ಜಾಗದಲ್ಲಿ “ನಾವೆಲ್ಲರೂ ಒಟ್ಟಾಗಿ ತರಗತಿಯನ್ನು ಶುಚಿಯಾಗಿಡುತ್ತೇವೆ” ಅಂತ ಇತ್ತು. ವ್ಯಾಕರಣದ ತಪ್ಪು ಒಂದೂ ಇಲ್ಲ.

ಅದನ್ನು ಪತ್ರಿಕೆಗೆ ನಕಲು ಮಾಡಿದ್ದು ನಾನೇ. ನನ್ನದೇ ದುಂಡಗಿನ ಅಕ್ಷರದಲ್ಲಿ. ಸುತ್ತ ದಾಸವಾಳದ ಅಂಚು ಬೇರೆ ಬಿಡಿಸಿದೆ.

ಮೇಷ್ಟ್ರು ಕೆಟ್ಟವರಲ್ಲ. ನನಗೆ ಪುಸ್ತಕ ಕೊಟ್ಟು ಓದಿಸಿದವರು ಅವರೇ. ಅವರು ಸುಮ್ನೆ ‘ಚೆನ್ನಾಗಿ’ ಮಾಡಿದರು. ಮುಂದೆ ನಾನೂ ಅದೇ ಕೆಲಸಕ್ಕೆ ಬಿದ್ದೆ. ಸಂಘಗಳ ಮಾಸಿಕ, ಸ್ಮರಣ ಸಂಚಿಕೆ, ಕಥಾಸಂಕಲನ, ಯಾರ ಬರಹ ಬಂದರೂ ತಿದ್ದಿದೆ. ಒಮ್ಮೆ ಒಬ್ಬ ಗೃಹಿಣಿ ತಮ್ಮ ಕಥೆಯಲ್ಲಿ, ಗಂಡ ಬಾಗಿಲು ತಟ್ಟಿದರೆ ತನ್ನ ಹೊಟ್ಟೆಯಲ್ಲಿ ಹಾವು ಸುತ್ತಿಕೊಳ್ಳುತ್ತೆ ಅಂತ ಬರೆದಿದ್ದರು. ‘ಅವಳಿಗೆ ಆತಂಕವಾಯಿತು’ ಅಂತ ಮಾಡಿದೆ. ಜಾಗ ಉಳಿಯಿತು. ಅವರು ಏನೂ ಅನ್ನಲಿಲ್ಲ. ಮತ್ತೆ ಕಥೆಯನ್ನೂ ಕಳಿಸಲಿಲ್ಲ.

ಇದಕ್ಕೇ ಕಪ್ಪು ಚೀಲದ ಪುಟದ ಮುಂದೆ ನನ್ನ ಬಾಯಿ ಕಟ್ಟಿದ್ದು. ಏನು ಹೇಳಿದರೂ ಅದು ಮೇಷ್ಟ್ರ ಮಾತಾಗುತ್ತಿತ್ತು. ಕೊನೆಗೆ ಅವರೇ ಕೈ ಎತ್ತಿಸಿ ತೀರ್ಮಾನ ಮಾಡಿದರು. ಚೀಲ ಉಳಿಯಿತು.

ಒಂದು ಶನಿವಾರ ಅವರಿಗೆ ಪುಣೆಯ ಕಥೆ ಹೇಳಿದೆ. ಭಿಡೆ ವಾಡೆಯಲ್ಲಿ 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹುಡುಗಿಯರ ಶಾಲೆ ತೆರೆದದ್ದು ಪಾಠದಲ್ಲೇ ಇದೆ, ಅದು ಅವರಿಗೆ ಗೊತ್ತು. ಆದರೆ ಫುಲೆಯವರ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ ಏನು ಬರೆದಳು ಅಂತ ಗೊತ್ತಿರಲಿಲ್ಲ. ಮುಕ್ತಾ ಸಾಳ್ವೆ, ಅಸ್ಪೃಶ್ಯರು ಅಂತ ದೂರವಿಟ್ಟಿದ್ದ ಮಾಂಗ್ ಸಮುದಾಯದವಳು. ಮಾಂಗ್ ಮತ್ತು ಮಹಾರ್ ಜನರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಅನ್ನೋ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕು ನಮಗಿಲ್ಲ ಅನ್ನುವುದಾದರೆ ನಮ್ಮ ಧರ್ಮ ಯಾವುದು ಅಂತ ಅದರಲ್ಲಿ ಕೇಳುತ್ತಾಳೆ. ಶಾಲೆಯ ಹುಡುಗಿಯೊಬ್ಬಳು ಪಂಡಿತರನ್ನು ಕೇಳುವ ಪ್ರಶ್ನೆ.

“ಆಕಿ ಬರಿದಿದ್ದು ಯಾರು ತಿದ್ದಿದ್ರು?” ಅಂತ ಒಬ್ಬಳು ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತಾ ನಾನು ತಾರಾಬಾಯಿ ಶಿಂದೆ ಅನ್ನೋ ಮರಾಠಿ ಲೇಖಕಿಯ ಕಥೆಗೆ ಹೋದೆ. 1881ರಲ್ಲಿ ಸೂರತ್ತಿನಲ್ಲಿ ವಿಜಯಲಕ್ಷ್ಮಿ ಅನ್ನೋ ಎಳೆ ವಯಸ್ಸಿನ ವಿಧವೆಗೆ ಹೆತ್ತ ಕೂಸನ್ನು ಕೊಂದ ಆರೋಪದಲ್ಲಿ ಮರಣದಂಡನೆ ಆಯಿತು, ಆಮೇಲೆ ಶಿಕ್ಷೆ ಇಳಿಯಿತು. ಪತ್ರಿಕೆಗಳಲ್ಲಿ ಹೆಂಗಸರ ನಡತೆಯ ಮೇಲೆ ಉಪದೇಶವೋ ಉಪದೇಶ. ಬುಲ್ಢಾಣಾದ ತಾರಾಬಾಯಿಗೆ ಉರಿದುಹೋಯಿತು. 1882ರಲ್ಲಿ ಪುಣೆಯಲ್ಲಿ ‘ಸ್ತ್ರೀ ಪುರುಷ ತುಲನಾ’ ಅಚ್ಚು ಹಾಕಿಸಿದರು. ಹೆಣ್ಣಿನ ಮೇಲೆ ಹೊರಿಸುವ ಒಂದೊಂದು ದೋಷವನ್ನೂ ಎತ್ತಿ, ಇದು ಗಂಡಸರಲ್ಲಿ ಇಲ್ಲವಾ ಅಂತ ಕೇಳುತ್ತಾ ಹೋಗುವ ಪುಸ್ತಕ. 500 ಪ್ರತಿ, ಬೆಲೆ ಒಂಬತ್ತಾಣೆ. ಭಾಷೆ ಬೀದಿ ಜಗಳದ್ದು, ಬೈಗುಳ ತುಂಬಿದ್ದು. ಜನ ಹರಿಹಾಯ್ದರು. ತಾರಾಬಾಯಿಯ ಪರವಾಗಿ ಜೋತಿರಾವ್ ಫುಲೆ ಬರೆದರು. ತಾರಾಬಾಯಿ ಮಾತ್ರ ಮತ್ತೊಂದು ಪುಸ್ತಕ ಪ್ರಕಟಿಸಲಿಲ್ಲ. ಆ ಪುಸ್ತಕ ಮತ್ತೆ ಬೆಳಕಿಗೆ ಬಂದದ್ದು 1975ರಲ್ಲಿ.

“500 ಅಂದ್ರ ನಮ್ಮಕಿಂತ ಭಾಳ ಆತು” ಅಂದಳು ಲೆಕ್ಕ ನೋಡಿಕೊಳ್ಳುವವಳು. ಅವರದು 40 ಪ್ರತಿ.

ನಮ್ಮ ಕನ್ನಡದಲ್ಲೂ ನಂಜನಗೂಡು ತಿರುಮಲಾಂಬ ಇದ್ದರು. ಎಳೆ ವಯಸ್ಸಿಗೇ ವಿಧವೆಯಾಗಿ, ಮನೆಯೊಳಗೇ ಕೂತು ಬರೆದು, ಗ್ರಂಥಮಾಲೆ ಕಟ್ಟಿ, ಪತ್ರಿಕೆಯನ್ನೂ ನಡೆಸಿದವರು. ಅವರ ಕಥೆಯನ್ನೂ ಹೇಳಲು ಹೊರಟೆ. ಬಿಸ್ಕತ್ತು ಮುಗಿದಿತ್ತು, ಯಾರೂ ಕೂರಲಿಲ್ಲ.

ಶಾಲೆಯಲ್ಲಿ ಸಮಾನತೆ ಕಲಿಸುವ ಕೆಲಸ ಮುಂಬೈಗೆ ಹೊಸದೇನೂ ಅಲ್ಲ. 2008ರಿಂದ ಎರಡು ವರ್ಷ ಇಲ್ಲಿನ 45 ಪಾಲಿಕೆ ಶಾಲೆಗಳ ಆರು, ಏಳನೇ ಕ್ಲಾಸಿನ ಮಕ್ಕಳ ಜೊತೆ ಒಂದು ಕಾರ್ಯಕ್ರಮ ನಡೆದಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಸೇರಿ ಮೂರು ಸಂಸ್ಥೆಗಳು ನಡೆಸಿದ್ದು. ಮಕ್ಕಳಿಗೆ ತುಂಬಿಸಲು ಒಂದು ಡೈರಿಯನ್ನೂ ಕೊಟ್ಟಿದ್ದರು. ಒಳ್ಳೆಯ ಕೆಲಸ. ಪಠ್ಯಪುಸ್ತಕದ ಕಥೆ ಮಾತ್ರ ಹಾವು ಏಣಿ ಆಟ. 2017ರಲ್ಲಿ ಇಲ್ಲಿನ ಹನ್ನೆರಡನೇ ಕ್ಲಾಸಿನ ಸಮಾಜಶಾಸ್ತ್ರದ ಪುಸ್ತಕದ ಒಂದು ಮಾತು ದೊಡ್ಡ ಗಲಾಟೆ ಎಬ್ಬಿಸಿತು. ಹುಡುಗಿ ಕುರೂಪಿಯೋ ಅಂಗವಿಕಲೆಯೋ ಆದರೆ ಮದುವೆ ಕಷ್ಟ, ಅದಕ್ಕೇ ಗಂಡಿನ ಕಡೆಯವರು ವರದಕ್ಷಿಣೆ ಜಾಸ್ತಿ ಕೇಳುತ್ತಾರೆ ಅಂತ ಅದರಲ್ಲಿತ್ತು. 2019ರಲ್ಲಿ ಪಠ್ಯಪುಸ್ತಕ ತರುವ ಪುಣೆಯ ಸಂಸ್ಥೆ ಬಾಲಭಾರತಿ ಎರಡನೇ ಕ್ಲಾಸಿಗೆ ಹೊಸ ಪುಸ್ತಕ ತಂದಾಗ ಅಪ್ಪ ಅಮ್ಮ ಇಬ್ಬರೂ ಕೂತು ತರಕಾರಿ ಬಿಡಿಸುವ ಚಿತ್ರ ಇತ್ತು. ನಾನಂತೂ ಖುಷಿಪಟ್ಟಿದ್ದೆ. ಇದನ್ನು ಹೇಳಿದಾಗ ಒಬ್ಬ ಜಡೆಯ ಹುಡುಗಿ ಅಂದಳು: “ಪುಸ್ತಕದಾಗ ಅಪ್ಪ ಕಾಯಿಪಲ್ಲೆ ಬಿಡಸ್ತಾನ. ಕ್ಲಾಸಿನಾಗ ಕಸ ನಾವೇ ಹೊಡೀತೀವಿ.”

ಅಂದರೆ ಪೊರಕೆ ಇನ್ನೂ ಅಲ್ಲೇ ಇದೆ. ನಲವತ್ತು ವರ್ಷ!

ಎರಡನೇ ಸಂಚಿಕೆಯಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ಹಾಳೆಯ ಹಿಂದಿನ ಮಗ್ಗುಲು ಖಾಲಿ ಇರುತ್ತದಲ್ಲ? ಮಡಚಿದಾಗ ಅದು ಯಾರಿಗೂ ಕಾಣಿಸುವುದಿಲ್ಲ. ಹುಡುಗಿಯರಿಗೆ ಕೊಡುವ ಪ್ರತಿಗಳಲ್ಲಿ ಮಾತ್ರ ಅಲ್ಲಿ ಪೆನ್ಸಿಲಿನಲ್ಲಿ ಬರೆದರು. ಬಿಚ್ಚಿದವರಿಗೆ ಮಾತ್ರ ಸಿಗುವ ಪುಟ. “ಎರಡನೇ ಮಹಡಿ ಜೀನಾ ಒಬ್ಬರೇ ಇಳೀಬ್ಯಾಡ್ರಿ.” ಲೈಟು ಇಲ್ಲದ ಮೆಟ್ಟಿಲು ಅದು. ದೊಡ್ಡ ಕ್ಲಾಸಿನ ಹುಡುಗರು ನಿಂತು ಜಡೆ ಎಳೆಯುತ್ತಾರೆ, ಬ್ಯಾಗು ಹಿಡಿಯುತ್ತಾರೆ.

ಇಲ್ಲಿ ನಾನು ಸುಮ್ಮನಿರಲಿಲ್ಲ. ಅವರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆ, ಅವರು ನಂಬುವ ಒಬ್ಬ ಟೀಚರಿಗೆ ಹೇಳಿದೆ. 1098 ಅನ್ನೋ ನಂಬರನ್ನೂ ಆ ಪುಟಕ್ಕೆ ಸೇರಿಸಿ ಅಂದೆ. ಮಕ್ಕಳ ಸಹಾಯವಾಣಿ ಅದು, 1996ರಲ್ಲಿ ಶುರುವಾಗಿದ್ದು ಇದೇ ಮುಂಬೈಯಲ್ಲಿ. ಸೇರಿಸಿದರು. ಮೆಟ್ಟಿಲಿಗೆ ಬಲ್ಬು ಬಂತು. ಹುಡುಗರು ಈಗ ಗೇಟಿನ ಹತ್ತಿರ ನಿಲ್ಲುತ್ತಾರಂತೆ.

ಶಾಲೆ ಏನು ಮಾಡಿತು ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡದೇನೂ ಆಗಲಿಲ್ಲ. ಬರೆದವರು ಯಾರು ಅಂತ ಹುಡುಕಿದರು. ಯಾವ ಪುಟಕ್ಕೂ ಹೆಸರಿರಲಿಲ್ಲ. ಹೊರಗಿನವರು ಹೇಳಿಕೊಟ್ಟಿದ್ದು ಅಂತ ಒಬ್ಬರು ಅಂದರಂತೆ, ಅದು ನನಗೇ. ಮೂರು ವಾರಕ್ಕೆ ಬಾಗಿಲಿಗೆ ಚಿಲಕ ಬಂತು, ಹಿತ್ತಾಳೆಯದು, ಹೊಳೆಯುವಂಥದ್ದು. ಹಾಜರಿ ಪುಸ್ತಕ ಹಾಗೇ ಇದೆ. ಮೇಲಿನಿಂದ ಬಂದ ಪದ್ಧತಿ ಅಂದರಂತೆ.

ಹುಡುಗರು ಮಾತ್ರ ಸುಮ್ಮನೆ ಕೂರಲಿಲ್ಲ. ತಾವೂ ಒಂದು ಮಾಡಿದರು, ಹೆಸರು ‘ಬೆಂಚು’. ಆರು ಪುಟ ಕ್ರಿಕೆಟ್ಟು. ಏಳನೇ ಪುಟದಲ್ಲಿ ನಾಲ್ಕು ಸಾಲು: ಅಕ್ಕಿ ಮೂಟೆ ನಾವೇ ಹೊರಬೇಕು, ಏಟು ನಮಗೇ ಜಾಸ್ತಿ, ಅತ್ತರೆ ‘ಹುಡುಗಿ ಥರ ಅಳ್ತಾನೆ’ ಅಂತಾರೆ. ಹುಡುಗಿಯರು ಇದನ್ನು ಓದಿ ಗೇಲಿ ಮಾಡುತ್ತಾರೆ ಅಂದುಕೊಂಡಿದ್ದೆ. ಮೊದಲು ಮಾಡಿದರು. ಆಮೇಲೆ ಲೆಕ್ಕದವಳು ಹೇಳಿದಳು, “ಹುಡುಗಿ ಥರ ಅಂತ ಬೈದಿದ್ದು ಅವಂಗಲ್ಲ, ನಮಗ.” ಆ ನಾಲ್ಕು ಸಾಲನ್ನು ಮೂರನೇ ಸಂಚಿಕೆಯಲ್ಲಿ ಹಾಗೇ ಹಾಕಿಕೊಂಡರು. ಕಾಗುಣಿತದ ತಪ್ಪುಗಳ ಸಮೇತ. ಎಣಿಸಿದೆ, ಹನ್ನೊಂದು ಇದ್ದವು. ಪೆನ್ನು ಬ್ಯಾಗಿನಲ್ಲೇ ಇತ್ತು.

ಈಗ ನಾಲ್ಕನೆಯದು ತಯಾರಾಗುತ್ತಿದೆ. ನನಗೂ ಒಂದು ಪುಟ ಕೊಡಿ ಅಂತ ನಾಚಿಕೆ ಬಿಟ್ಟು ಕೇಳಿದೆ. ಒಳಗೊಳಗೇ ಮಾತಾಡಿಕೊಂಡು, ಆಯಿತು ಕೊಡುತ್ತೇವೆ ಅಂದರು. ‘ಪೊರಕೆ’ಯನ್ನು ಮತ್ತೆ ಬರೆದೆ. ಬೆಂಚು, ಎತ್ತಿದ ಕಾಲು, ದಾಸವಾಳದ ಅಂಚು, ಎಲ್ಲ ಸೇರಿ ಎರಡು ಹಾಳೆ ಆಯಿತು. ಮುಂದಿನ ಶನಿವಾರ ವಾಪಸ್ ಬಂತು. ಮೊದಲ ಹಾಳೆಗೆ ಪೂರ್ತಿ ಅಡ್ಡಗೆರೆ. ಕೆಂಪು ಪೆನ್ನು ಸಿಗಲಿಲ್ಲವೋ ಏನೋ, ಹಸಿರು ಸ್ಕೆಚ್. ಮಗ್ಗುಲಲ್ಲಿ ಬರೆದಿತ್ತು: “ಆಂಟಿ, ಉದ್ದ ಆಗ್ಯದ. ಎಂಟು ಸಾಲು ಸಾಕು. ಹೂವಿನ ಮಾತು ಬ್ಯಾಡ.”

ಒಂಬತ್ತಕ್ಕೆ ಇಳಿಸಿದ್ದೇನೆ. ಉಳಿದ ಒಂದು ಸಾಲಿನ ಮೇಲೆ ಇನ್ನೂ ಚೌಕಾಸಿ ನಡೆದಿದೆ.